ಕಾಕಾನ ಮಾಳಿಗೆ ದಾಟಿ ಬಂದ ಕರಿ ವೈರು

ಮೂರು ವರ್ಷದ ಹಿಂದಿನ ಮಾತು. ಮಹಾನವಮಿ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇತ್ತು. ನಾನಾಗ ಅಫಜಲಪುರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ನನ್ನ ಹೆಸರು ಮಹಾದೇವಿ, ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ದಿನಾ ಬಸ್ಸಿಗೆ ಓಡಾಡುವುದು ಆಗದ ಮಾತು ಎಂದು ಅಪ್ಪ ನನ್ನನ್ನು ಅಲ್ಲಿಯ ಒಂದು ಖಾಸಗಿ ಹುಡುಗಿಯರ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಆ ಸೋಮವಾರ ಬೆಳಿಗ್ಗೆ ನಾನು ನಡುಓಣಿಯಲ್ಲಿ ನಿಂತು, ನಮ್ಮ ಅಪ್ಪನಿಗಿಂತ ಹಿರಿಯರಾದ ಒಬ್ಬರ ಮೇಲೆ ಇಡೀ ಓಣಿಗೆ ಕೇಳುವ ಹಾಗೆ ಬಾಯಿ ಮಾಡಿದೆ. ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ವಿಚಿತ್ರವೆಂದರೆ, ನನ್ನ ಜೀವನದಲ್ಲಿ ಬಹಳ ಒಳ್ಳೆಯ ದಿನ ಯಾವುದು ಎಂದು ಯಾರಾದರೂ ಕೇಳಿದರೆ ಅದೇ ಸೋಮವಾರ ಎನ್ನುತ್ತೇನೆ. ಹೇಗೆಂದು ಮೊದಲಿನಿಂದ ಹೇಳುತ್ತೇನೆ.

ನಮ್ಮ ಹಾಸ್ಟೆಲ್ ಅಂದರೆ ಹಳೆಯ ಕಾಲದ ಕಲ್ಲಿನ ಮನೆ. ಒಂದೊಂದು ಗೋಡೆಯೂ ಒಂದು ಮೊಳಕ್ಕಿಂತ ದಪ್ಪ. ಬೇಸಿಗೆಯಲ್ಲಿ ಊರೆಲ್ಲ ಕುದಿಯುವಾಗ ನಾವು ಒಳಗೆ ತಣ್ಣಗೆ ಮಲಗುತ್ತಿದ್ದೆವು, ಅದೊಂದು ಸುಖ. ಆದರೆ ಬಿಸಿಲು ದಾಟದ ಆ ಗೋಡೆಯನ್ನು ಮೊಬೈಲಿನ ಸಿಗ್ನಲ್ ಕೂಡ ದಾಟುತ್ತಿರಲಿಲ್ಲ. ಮೂವತ್ತು ಹುಡುಗಿಯರು, ಯಾರಿಗೆ ಫೋನ್ ಮಾಡಬೇಕೆಂದರೂ ಮಾಳಿಗೆ ಹತ್ತಿ ನೀರಿನ ಟಾಕಿಯ ಪಕ್ಕ ನಿಲ್ಲಬೇಕು. ಅಲ್ಲೂ ಬಲಕ್ಕೆ ಮುಖ ಮಾಡಿದರೆ ಮಾತು ಕೇಳುತ್ತಿತ್ತು, ಎಡಕ್ಕೆ ತಿರುಗಿದರೆ ಕಡಿದು ಹೋಗುತ್ತಿತ್ತು. ಸಂಜೆ ಹೊತ್ತು ಟಾಕಿಯ ಮುಂದೆ ಬಸ್ ಸ್ಟ್ಯಾಂಡಿನ ಹಾಗೆ ಗದ್ದಲ.

ನನ್ನ ಕೋಣೆಯಲ್ಲೇ ಸುಜಾತಾ ಇದ್ದಳು. ಆಳಂದ ತಾಲ್ಲೂಕಿನ ನಿಂಬರ್ಗಾದವಳು. ಅವಳ ಅವ್ವ, ಅಪ್ಪ ಇಬ್ಬರೂ ಮಂದಿಯ ತೊಗರಿ ಹೊಲದಲ್ಲಿ ಕೂಲಿ ಮಾಡುವವರು. ಬೌದ್ಧರ ಮನೆ, ಏನು ಒಳ್ಳೆಯ ಕೆಲಸಕ್ಕೆ ಹೊರಟರೂ ಕಣ್ಣು ಮುಚ್ಚಿ ಬುದ್ಧವಂದನೆ ಹೇಳಿಯೇ ಹೊರಡುತ್ತಿದ್ದಳು. ನಾನು ಎಷ್ಟು ಬಾಯಿಬಡುಕಿಯೋ ಅವಳು ಅಷ್ಟೇ ಮೌನಿ. ಆದರೆ ಯಾರಿಗಾದರೂ ಪಾಠ ಹೇಳಿಕೊಡು ಎಂದರೆ ಸಾಕು, ಬೇರೆಯವಳೇ ಆಗಿಬಿಡುತ್ತಿದ್ದಳು. ಫೇಲಾದ ಹುಡುಗಿಯರನ್ನೆಲ್ಲ ಸುತ್ತ ಕೂರಿಸಿಕೊಂಡು ಪಾಸು ಮಾಡಿಸಿದವಳು ಅವಳು. ಅವಳ ಡಿಗ್ರಿ ಮುಗಿದಿತ್ತು. ಹಳ್ಳಿಯ ಹುಡುಗಿಯರಿಗೆ ಊಟ, ವಸತಿ ಕೊಟ್ಟು ಎರಡು ವರ್ಷ ಶಿಕ್ಷಕಿ ತರಬೇತಿ ಕೊಡುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಳು. ಅವರು ವಿಡಿಯೋದಲ್ಲಿ ಸಂದರ್ಶನ ಮಾಡುತ್ತಾರೆ, ಹತ್ತು ನಿಮಿಷ ಪಾಠವನ್ನೂ ಮಾಡಿಸುತ್ತಾರೆ. ಆ ಒಂದು ದಾರಿ ಬಿಟ್ಟರೆ ಅವಳಿಗೆ ಮುಂದೆ ಇದ್ದದ್ದು ಅವ್ವನ ಜೊತೆ ತೊಗರಿ ಹೊಲವೇ.

ಮೊದಲ ಸಲ ಸಂದರ್ಶನಕ್ಕೆ ಅವಳು ಟಾಕಿಯ ಪಕ್ಕವೇ ನಿಂತಿದ್ದಳು. ನಾನು ಫೋನ್ ಹಿಡಿದಿದ್ದೆ. ಅವಳು ಹೆಸರು ಹೇಳಿದಳು, ಕಡಿಯಿತು. ಊರು ಹೇಳಿದಳು, ಕಡಿಯಿತು. ಮೂರನೇ ಸಲ ಆ ಕಡೆಯ ಮೇಡಂ ಬಾಯಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಒಂದು ಅಕ್ಷರ ಕೇಳಲಿಲ್ಲ. ಒಳ್ಳೆಯ ಜನ, ಇನ್ನೊಂದು ದಿನ ಕೊಡುತ್ತೇವೆ ಎಂದು ಬರೆದರು. ಇದೇ ಕೊನೆಯ ಅವಕಾಶ, ದಯವಿಟ್ಟು ಸರಿಯಾದ ನೆಟ್ ಇರುವ ಕಡೆ ಕುಳಿತುಕೊಳ್ಳಿ ಎಂದೂ ಬರೆದಿದ್ದರು. ಸುಜಾತಾ ಅದನ್ನು ಓದಿ ಫೋನ್ ಮಡಿಲಲ್ಲಿಟ್ಟುಕೊಂಡು ಕುಳಿತಳು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಹಾಸ್ಟೆಲಿಗೇ ನೆಟ್ ತರಿಸುತ್ತೇನೆ, ನೋಡುತ್ತಿರು ಎಂದೆ.

ಮರುದಿನವೇ ಎಲ್ಲರ ಸಹಿ ಹಾಕಿಸಿ ವಾರ್ಡನ್ ಮೇಡಂ ಮುಂದೆ ಅರ್ಜಿ ಇಟ್ಟೆ. ಮೇಡಂ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು.

"ನೆಟ್ ಬಂದ್ರ ಓದ್ತೀರೋ, ರೀಲ್ಸ್ ನೋಡ್ಕೋತ ಕುಂದರ್ತೀರೋ?"

ನಾನು ಓದುತ್ತೇವೆ ಎನ್ನುವುದರೊಳಗೆ ಸುಜಾತಾ, "ಎರಡೂ ಮಾಡ್ತೇವ್ರಿ ಮೇಡಂ" ಎಂದುಬಿಟ್ಟಳು. ಮೇಡಂ ನಕ್ಕರು. "ನೀ ಖರೇ ಹೇಳಿದಿ ಅಂತ ಹಾಕಿಸ್ತೇನಿ" ಎಂದು ಸಹಿ ಮಾಡಿದರು.

ನೆಟ್ ಕನೆಕ್ಷನ್ ಕೊಡುವವನು ಮೌಲಾಲಿ ಅಣ್ಣ ಅಂತ, ಚೌಡಾಪುರದವನು. ಬೈಕಿನ ಹಿಂದೆ ಕರಿ ವೈರಿನ ಸುತ್ತು ಕಟ್ಟಿಕೊಂಡು ಬಂದು, ಓಣಿಯ ಈ ತುದಿಯಿಂದ ಆ ತುದಿ ನೋಡಿ ತಲೆ ಅಲ್ಲಾಡಿಸಿದ. ಕಂಬ ಇದ್ದದ್ದು ಎದುರಿನ ಮನೆಯ ಹಿಂದುಗಡೆ. ವೈರು ಬರಬೇಕೆಂದರೆ ಆ ಮನೆಯ ಮಾಳಿಗೆ ದಾಟಿಯೇ ಬರಬೇಕು. ಆ ಮನೆ ಗುರುಪಾದಪ್ಪ ಕಾಕಾನದು. ಅವರೆಂದರೆ ನಮ್ಮ ಹುಡುಗಿಯರೆಲ್ಲ ಗಡಗಡ. ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು, ದಪ್ಪ ಮೀಸೆ, ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತ ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡುವರು. ಮಕ್ಕಳಿಲ್ಲ, ಅವರು ಮತ್ತು ಅವರ ಹೆಂಡತಿ ಕಾಕು ಇಬ್ಬರೇ.

ಮೇಡಂ ಜೊತೆ ನಾನೂ ಹೋದೆ.

"ಈ ಮಾಳಿಗಿ ಯಾರದು?" ಎಂದು ಕೇಳಿದರು ಕಾಕಾ.

"ನಿಮ್ಮದ್ರಿ."

"ಮತ್ತ ನಿಮ್ಮ ವೈಯರ್ ಯಾಕ ನನ್ನ ಮಾಳಿಗಿ ಮ್ಯಾಲೆ ಬರ್ತದ?"

"ಕಂಬ ನಿಮ್ಮ ಮನಿ ಹಿಂದ ಅದರಿ ಕಾಕಾ. ಬ್ಯಾರೆ ದಾರಿ ಇಲ್ರಿ" ಎಂದೆ.

ಅವರು ಮೀಸೆ ಮೇಲೆ ಕೈಯಾಡಿಸಿದರು. "ರಸ್ತಾ ಕಿತ್ತು ಹೋದಾಗ ನಾನೂ ಮಂದಿ ಹೊಲದಾಗ ಬಸ್ ಹಾಯಿಸೀನಿ. ಹಾಯಿಸ್ಕೊಳ್ರಿ. ಆದ್ರ ಮೊಳಿ ನಾನೇ ಬಡೀತೇನಿ. ಮತ್ತ ನಿಮ್ಮ ಹುಡುಗ್ಯಾರು ಒಬ್ಬಾಕೀನೂ ನನ್ನ ಮಾಳಿಗಿ ಹತ್ತಬಾರದು" ಎಂದರು. ಹೇಳಿದಂತೆ ತಾವೇ ಸುತ್ತಿಗೆ ಹಿಡಿದು ತಮ್ಮ ಮಾಳಿಗೆಯ ಗೋಡೆಗೆ ಮೊಳೆ ಬಡಿದರು. ಅಲ್ಲಿಂದ ವೈರು ಓಣಿ ದಾಟಿ ನಮ್ಮ ಮಾಳಿಗೆಯ ಮೇಲೆ ಹಾದು ಕೆಳಗೆ ಇಳಿಯಿತು.

ಹುಡುಗಿಯರೆಲ್ಲ ಮೇಲೆ ಕತ್ತೆತ್ತಿ ನೋಡುತ್ತಿದ್ದೆವು. ಯಾರೋ, "ಇದಕ್ಕ ಕೈ ಹತ್ತಿದ್ರ ಕರೆಂಟ್ ಹೊಡೀತದೇನ್ರಿ ಅಣ್ಣಾ?" ಎಂದು ಕೇಳಿದರು. ಮೌಲಾಲಿ ಅಣ್ಣ ನಕ್ಕು, "ಇದರಾಗ ಕರೆಂಟೇ ಇಲ್ಲ. ಬರೇ ಬೆಳಕ ಹೋಗ್ತದ. ಮುಟ್ಟಿದ್ರೂ ಏನೂ ಆಗಂಗಿಲ್ಲ, ಫಿಕರ್ ಮಾಡಬ್ಯಾಡ್ರಿ" ಎಂದ. ಈ ಮಾತನ್ನು ನಾವು ಬೇಕಾದಷ್ಟಕ್ಕಿಂತ ಸ್ವಲ್ಪ ಹೆಚ್ಚೇ ನಂಬಿದೆವು.

ನೆಟ್ ಬಂತು. ಆದರೆ ಆ ಕಲ್ಲಿನ ಗೋಡೆಗಳು ಇದಕ್ಕೂ ಜಪ್ಪಯ್ಯ ಎನ್ನಲಿಲ್ಲ. ವೈಫೈ ಡಬ್ಬಿಯನ್ನು ಪಡಸಾಲೆಯಲ್ಲಿ ಇಟ್ಟರೆ ಪಡಸಾಲೆಗೆ ಮಾತ್ರ ನೆಟ್, ಕೋಣೆಯೊಳಗೆ ಕಾಲಿಟ್ಟರೆ ಮಾಯ. ಕಡೆಗೆ ಎಲ್ಲರೂ ಚಾಪೆ ತಂದು ಪಡಸಾಲೆಯಲ್ಲೇ ಸಾಲಾಗಿ ಕೂರುವುದು ರೂಢಿಯಾಯಿತು. ಮುಂಚೆ ಒಂದೊಂದು ಕೋಣೆಯವರು ಒಂದೊಂದು ಗುಂಪಾಗಿ ಇದ್ದೆವು. ಯಾರ ತಟ್ಟೆಯಲ್ಲಿ ಯಾರು ಉಣ್ಣುತ್ತಾರೆ, ಯಾರು ಉಣ್ಣುವುದಿಲ್ಲ ಎಂಬ ಲೆಕ್ಕವೂ ಒಳಗೊಳಗೆ ನಡೆಯುತ್ತಿತ್ತು. ನೆಟ್ ಬಂದಮೇಲೆ ಒಬ್ಬಳ ತೊಡೆಗೆ ಇನ್ನೊಬ್ಬಳ ತೊಡೆ ತಾಗಿಸಿ ಕೂರಲೇಬೇಕಾಯಿತು. ಯಾರ ಪಾಠ ಯಾವ ಹೊತ್ತಿಗೆ ಎಂದು ಸುಜಾತಾ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಪಾಸ್‌ವರ್ಡ್ ಮಾತ್ರ ಮೇಡಂ ಕೈಯಲ್ಲಿ. ಅಡುಗೆ ಕೋಣೆಯಲ್ಲಿ ಸಹಾಯ ಮಾಡಿದವರಿಗೆ ಮೊದಲು ಹೇಳುತ್ತಿದ್ದರು. ಆ ತಿಂಗಳು ನಮ್ಮ ಹಾಸ್ಟೆಲಿನಲ್ಲಿ ಬೆಳ್ಳುಳ್ಳಿ ಸುಲಿಯಲು ಜಗಳ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ.

ಗುರುಪಾದಪ್ಪ ಕಾಕಾ ಜೊತೆ ಮಾತ್ರ ನಮಗೆ ಸರಿ ಹೋಗಲಿಲ್ಲ. ನಮ್ಮ ಟಾಕಿ ತುಂಬಿ ಹರಿದರೆ ನೀರು ಕೊಳವೆಯಿಂದ ಓಣಿ ದಾಟಿ ಅವರ ಅಂಗಳಕ್ಕೇ ಹೋಗುತ್ತಿತ್ತು. ಮೊದಲ ಸಲ ಸುಮ್ಮನಿದ್ದರು, ಎರಡನೇ ಸಲ ಬಾಗಿಲಿಗೆ ಬಂದು ಕೂಗಿದರು. ನನ್ನ ದುರದೃಷ್ಟಕ್ಕೆ ಬಾಗಿಲು ತೆಗೆದವಳು ನಾನು. "ಇನ್ನೊಮ್ಮೆ ನನ್ನ ಅಂಗಳಕ್ಕ ನೀರ್ ಬಿದ್ರ ನಿಮ್ಮ ವೈಯರ್ ಕಿತ್ತಿ ಒಗೀತೇನಿ ನೋಡ್" ಎಂದರು. ನಾನು ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಸುಜಾತಾಳ ಸಂದರ್ಶನ ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ದಿನ ಭಾನುವಾರ. ನಮ್ಮ ಕಡೆ ಮಹಾನವಮಿ ಅಮಾವಾಸ್ಯೆಗೆ ಮೊದಲು ಮನೆಯ ಹಾಸಿಗೆ, ಹೊದಿಕೆ ಒಂದನ್ನೂ ಬಿಡದೆ ಒಗೆಯುತ್ತಾರೆ. ಒಗೆಯದೆ ನವರಾತ್ರಿಗೆ ದೇವಿಯ ಘಟ ಹಾಕಿದರೆ ಅವ್ವಂದಿರಿಗೆ ಊಟ ಸೇರುವುದಿಲ್ಲ. ಹಾಸ್ಟೆಲಿನಲ್ಲಿ ಇದ್ದರೂ ಆ ರೂಢಿ ನಮ್ಮನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆಯಿಂದ ಮೂವತ್ತು ಜನ ಸೇರಿ ಬಡಿದದ್ದೇ ಬಡಿದದ್ದು. ನಾನು ತಡವಾಗಿ ಎದ್ದೆ, ನನ್ನ ಕೌದಿ ಒಗೆದು ಮೇಲೆ ಬರುವಷ್ಟರಲ್ಲಿ ಹಗ್ಗಗಳೆಲ್ಲ ತುಂಬಿ ಹೋಗಿದ್ದವು.

ಕೌದಿ ಎಂದರೆ ನಮ್ಮ ಅವ್ವ ತನ್ನ ಹಳೆಯ ಸೀರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಹೊಲಿದದ್ದು. ಒಣಗಿದಾಗಲೇ ಭಾರ, ನೀರು ಕುಡಿದ ಮೇಲೆ ಕೇಳಬೇಡಿ. ಮೆಟ್ಟಿಲ ಮೇಲೆ ಅದನ್ನು ದರದರ ಎಳೆದುಕೊಂಡೇ ಬಂದೆ. ಎಲ್ಲಿ ಹಾಕಲಿ ಎಂದು ನೋಡಿದರೆ, ತಲೆಯ ಮೇಲೆ ಕರಿ ವೈರು ಕಂಡಿತು. ಅದರ ಮೇಲೆ ಆಗಲೇ ಯಾರದೋ ಎರಡು ದುಪಟ್ಟಾ ಹಾರಾಡುತ್ತಿದ್ದವು; ವಾರದಿಂದಲೂ ಹುಡುಗಿಯರು ಅಲ್ಲಿ ಸಣ್ಣಪುಟ್ಟ ಬಟ್ಟೆ ಹಾಕುತ್ತಿದ್ದರು. ಕರೆಂಟಿಲ್ಲ, ಮುಟ್ಟಿದರೂ ಏನೂ ಆಗುವುದಿಲ್ಲ ಎಂದು ಮೌಲಾಲಿ ಅಣ್ಣನೇ ಹೇಳಿದ್ದನಲ್ಲ! ಎರಡೂ ಕೈಯಿಂದ ಎತ್ತಿ ಹಾಕಿದೆ. ವೈರು ಸ್ವಲ್ಪ ಜಗ್ಗಿತು. ಜಗ್ಗಿದರೆ ಜಗ್ಗಲಿ ಎಂದು ಕೆಳಗೆ ಬಂದು ಉಂಡು ಮಲಗಿದೆ. ಹೊತ್ತು ಇಳಿಯುವಾಗ ಬಂದು ನೋಡಿದರೆ ಕೌದಿ ಗರಿಗರಿಯಾಗಿ ಒಣಗಿತ್ತು. ಮಡಚಿ ಟ್ರಂಕಿನಲ್ಲಿಟ್ಟೆ.

ಅದೇ ಸಂಜೆ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು. ಆಗಾಗ ಹಾಗೆ ಆಗುವುದಿತ್ತು, ತಾನೇ ಬರುತ್ತದೆ ಎಂದುಕೊಂಡೆವು. ಮೌಲಾಲಿ ಅಣ್ಣನಿಗೆ ಫೋನ್ ಮಾಡಿದರೆ, "ಹವಳಗಾದಾಗ ಅದೇನಿ, ಮುಂಜಾನಿ ಬರ್ತೇನಿ" ಎಂದ. ಆ ಹೊತ್ತಿಗೂ ನನಗೆ ಕೌದಿಯ ನೆನಪು ಬರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೂ ಕೆಂಪು ದೀಪವೇ. ಸುಜಾತಾ ಸ್ನಾನ ಮಾಡಿ, ಬುದ್ಧವಂದನೆ ಹೇಳಿ, ಇದ್ದುದರಲ್ಲಿ ಒಳ್ಳೆಯ ಚೂಡಿದಾರ ಹಾಕಿಕೊಂಡು ಡಬ್ಬಿಯ ಮುಂದೆ ಕುಳಿತಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಕೂರಿಸೋಣವೆಂದು ಕೇಳಿ ಬಂದೆ, ಅಲ್ಲಿ ಪರೀಕ್ಷೆ ಇತ್ತು. ನೆಟ್ ಸೆಂಟರಿನವನು, ಮಂದಿ ಬಾಗಿಲ ಹೊರಗಿನವರೆಗೆ ನಿಂತಿದ್ದಾರೆ, ಒಂದು ತಾಸು ಮಾತಾಡಿಕೊಂಡು ಕೂರಲು ಹೇಗೆ ಬಿಡಲಿ ಎಂದ. ವಾಪಸ್ ಬಂದು ಮಾಳಿಗೆ ಹತ್ತಿ ನೋಡಿದೆ. ಕಾಕಾನ ಮಾಳಿಗೆಯ ಮೊಳೆ ಬಾಗಿತ್ತು, ವೈರು ಅಲ್ಲಿ ಮುರಿದು ಜೋತಾಡುತ್ತಿತ್ತು. ಹಿಂದಿನ ದಿನ ಮೂವತ್ತು ಜನ ಬಟ್ಟೆ ಒಗೆದಾಗ ನೀರೆಲ್ಲ ಅವರ ಅಂಗಳಕ್ಕೆ ಹರಿದದ್ದು ಆಗ ನೆನಪಾಯಿತು. ಹೇಳಿದ ಮಾತು ನಡೆಸಿಬಿಟ್ಟರು ಎಂದು ನಾನು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಕೆಳಗೆ ಇಳಿದವಳೇ ಓಣಿಗೆ ನುಗ್ಗಿದೆ. ಹುಡುಗಿಯರೆಲ್ಲ ನನ್ನ ಹಿಂದೆ. ಕಾಕಾ ಎಂದಿನಂತೆ ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತಿದ್ದರು.

"ಏನ್ರೀ ಕಾಕಾ, ಅಂದಂಗ ಮಾಡೇ ಬಿಟ್ರಲ್ಲ! ಎರಡ ಕೊಡ ನೀರ್ ಬಿದ್ದದ್ದಕ್ಕ ವೈಯರ್ ಮುರದ್ರಲ್ಲ! ಇವತ್ತ ಹನ್ನೊಂದಕ್ಕ ಸುಜಾತಾಂದು ಇಂಟರ್‌ವ್ಯೂ ಅದ. ಆಕಿಗಿ ಇದ ಕಡೀ ಸಲ. ಒಂದು ಹುಡುಗಿ ಬಾಳೇ ಹಾಳ ಮಾಡಿದ್ರಿ ನೀವು!"

ಕಾಕಾ ಏನೋ ಹೇಳಲು ಬಾಯಿ ತೆಗೆದರು. ನಾನು ಬಿಡಲಿಲ್ಲ. ಹೇಳಬಾರದ ಮಾತೊಂದನ್ನು ಹೇಳಿಬಿಟ್ಟೆ. "ನಿಮಗೂ ಒಂದ್ ಹೆಣ್ಣ ಕೂಸ ಇದ್ದಿದ್ರ ಗೊತ್ತಾಗ್ತಿತ್ತು."

ಓಣಿಯಲ್ಲಿ ಮಂದಿ ನಿಂತುಬಿಟ್ಟರು. ಬಾಗಿಲಲ್ಲಿದ್ದ ಕಾಕು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು. ಕಾಕಾ ತೆಗೆದ ಬಾಯಿ ಮುಚ್ಚಿದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಬಗಲಿಗಿಟ್ಟುಕೊಂಡು ಒಳಗೆ ನಡೆದರು. ತಪ್ಪು ಮಾಡಿದ್ದಾರೆ, ಅದಕ್ಕೇ ಮಾತು ಹೊರಡಲಿಲ್ಲ ಎಂದು ನಾನು ಎಲ್ಲರ ಮುಂದೆ ಜಂಬದಿಂದ ಹೇಳಿದೆ.

ಮೌಲಾಲಿ ಅಣ್ಣ ಬಂದದ್ದು ಹತ್ತರ ಸುಮಾರಿಗೆ. ಕಾಕಾನ ಮಾಳಿಗೆ ಹತ್ತಿ ಮೊಳೆ ನೋಡಿ, ನಮ್ಮ ಮಾಳಿಗೆಗೆ ಬಂದು ವೈರಿನ ಉದ್ದಕ್ಕೂ ಕೈಯಾಡಿಸಿದ. ಆಗ ಅಲ್ಲಿ ಇದ್ದದ್ದು ನಾವಿಬ್ಬರೇ.

"ಇದು ಯಾರೂ ಕಡದದ್ದಲ್ಲ, ಅಕ್ಕಾ. ಈ ಕಡಿಂದ ಜಗ್ಗ್ಯಾರ. ಮೊಳಿ ಸುದ್ದಾ ನಿಮ್ಮ ಕಡೀಗೇ ಬಾಗ್ಯಾದ ನೋಡ್ರಿ. ಇದರ ಮ್ಯಾಲೆ ಏನರ ವಜ್ಜಿ ಹಾಕಿದ್ರೇನು?"

ನನ್ನ ಬಾಯಿಂದ ಒಂದೇ ಶಬ್ದ ಬಂತು. "ಕೌದಿ."

"ಕೌದಿ?"

"ಹಸೀ ಕೌದ್ರಿ."

ಅವನು ಹಣೆ ಹಣೆ ಬಡಿದುಕೊಂಡ. "ಅಯ್ಯ ನನ ಅಕ್ಕಾ! ಇದರಾಗ ಗಾಜಿನ ಎಳಿ ಇರ್ತದ, ಕೂದಲದಷ್ಟ್ ಸಣ್ಣಂದು. ಕೌದಿ ಹಾಕಿದ್ರ ಉಳೀತದೇನು? ಮುಟ್ಟಿದ್ರ ಏನಾಗಂಗಿಲ್ಲ ಅಂದೀನಿ, ಜೋಕಾಲಿ ಆಡ್ರಿ ಅಂದಿಲ್ಲ."

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಎಷ್ಟು ಹೊತ್ತಿನಲ್ಲಿ ಸರಿ ಮಾಡುತ್ತೀ ಎಂದು ಕೇಳಿದೆ. ಮೊಳೆಯಿಂದ ನಮ್ಮ ಡಬ್ಬಿಯವರೆಗೆ ಹೊಸ ವೈರೇ ಎಳೆಯಬೇಕು, ಇದ್ದ ಸುತ್ತೆಲ್ಲ ಹವಳಗಾದಲ್ಲಿ ಮುಗಿಯಿತು, ಕಲಬುರಗಿಯಿಂದ ಬರುವುದು ಸಂಜೆ ಎಂದ. ನನ್ನ ಮುಖ ನೋಡಿ ಅವನಿಗೂ ಪಾಪ ಅನಿಸಿರಬೇಕು. ತಲೆ ಕೆರೆದುಕೊಂಡು, "ಒಂದ ದಾರಿ ಅದ. ಕಾಕಾನ ಮಾಳಿಗಿತನಕ ಬೆಳಕ ಬರೋಬರಿ ಬರಾಕತ್ತದ. ನಿಮ್ಮ ಡಬ್ಬಿ ಅವರ ಮನ್ಯಾಗ ಇಟ್ರ ಹತ್ತ ಮಿನಿಟ್‌ನಾಗ ಹಚ್ಚಿ ಕೊಡ್ತೇನಿ" ಎಂದ.

ಅವರ ಮನೆಯಲ್ಲಿ! ಒಂದು ತಾಸಿನ ಹಿಂದೆ ನಾನು ಅಂಥ ಮಾತು ಆಡಿದ ಮನೆಯಲ್ಲಿ!

ಆ ಮೆಟ್ಟಿಲು ಇಳಿದು, ಓಣಿ ದಾಟಿ, ಅವರ ಬಾಗಿಲು ಬಡಿಯುವವರೆಗಿನ ಹತ್ತು ಹೆಜ್ಜೆ ನಾನು ಹೇಗೆ ನಡೆದೆನೋ ದೇವರಿಗೇ ಗೊತ್ತು. ಬೇರೆ ಯಾರನ್ನಾದರೂ ಕಳಿಸಲೇ ಎಂದೂ ಅನಿಸಿತು. ಸುಜಾತಾ ಮತ್ತೆ ಬಂದು ಡಬ್ಬಿಯ ಮುಂದೆ ಕುಳಿತಿದ್ದಳಲ್ಲ, ಅದನ್ನು ನೋಡಿ ಹೋದೆ. ಕಾಕಾ ಬಾಗಿಲು ತೆಗೆದರು.

"ಕಾಕಾ, ಆ ವೈಯರ್..."

"ಆಕೀದು ಯಾವಾಗ ಅಂದಿ?"

"ಹನ್ನೊಂದಕ್ಕ್ರಿ."

"ಈಗೆಷ್ಟಾಗ್ಯಾದ?"

"ಹತ್ತೂಕಾಲ್ರಿ. ನಿಮ್ಮ ಮನ್ಯಾಗ ಡಬ್ಬಿ ಇಟ್ರ ಆಗ್ತದಂತ್ರಿ. ಆದ್ರ ಕಾಕಾ, ವೈಯರ್ ನೀವು..."

"ಮಾತ ಆಮ್ಯಾಲೆ. ಬಸ್ ಬಿಡೂ ಹೊತ್ತಿನ್ಯಾಗ ಬಾಗಿಲ್ದಾಗ ನಿಂತ ಮಾತಾಡ್ತಾರೇನು? ಹೋಗು, ಕರಕೊಂಡ ಬಾ ಆಕೀನ್ನ."

ಮೌಲಾಲಿ ಅಣ್ಣ ಮಾಳಿಗೆಯಿಂದ ವೈರಿನ ತುದಿ ಇಳಿಸಿದ. ಮೇಡಂ ತಮ್ಮ ಲ್ಯಾಪ್‌ಟಾಪ್ ಕೊಟ್ಟರು. ನಾನು ಡಬ್ಬಿ ಹಿಡಿದು ಮುಂದೆ, ಸುಜಾತಾ ಹಿಂದೆ. ಅವಳು ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತುಬಿಟ್ಟಳು. ಒಳಗೆ ಬಾ ಎಂದು ನಾನು ಕೈ ಮಾಡಿದರೂ ಬರಲಿಲ್ಲ. ಯಾಕೆ ನಿಂತಳು ಎಂದು ನನಗೆ ಗೊತ್ತಿತ್ತು. ಅವಳ ಊರಲ್ಲಿ ಅಂಥ ಮನೆಗಳ ಹೊಸ್ತಿಲನ್ನು ಅವಳು ಯಾವತ್ತೂ ದಾಟಿದವಳಲ್ಲ. ಕಾಕುಗೂ ಗೊತ್ತಾಯಿತು ಅಂತ ಕಾಣುತ್ತದೆ. ಒಳಗಿನಿಂದ ಬಂದು ಅವಳ ಕೈ ಹಿಡಿದು, "ಒಳಗ ಬಾ ಬೇ. ಹೊರಗ ನಿಂತ ಸಾಲಿ ಕಲಸ್ತೀಯೇನು?" ಎಂದು ಎಳೆದುಕೊಂಡೇ ಹೋದರು. ದೇವರ ಜಗುಲಿಯ ಪಕ್ಕ ಗಾಳಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಕುರ್ಚಿ ಹಾಕಿಸಿದರು.

ಡಬ್ಬಿಯಲ್ಲಿ ಹಸಿರು ದೀಪ ಹತ್ತಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಕಾಕಾ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಯಾಕೆಂದು ಆಮೇಲೆ ತಿಳಿಯಿತು. ಓಣಿಯಲ್ಲಿ ಬಂದ ಬೈಕಿನವರಿಗೆ ಹಾರ್ನ್ ಹಾಕಬೇಡ ಎಂದು ಕೈ ಅಡ್ಡ ಹಿಡಿಯುತ್ತಿದ್ದರಂತೆ. ತರಕಾರಿ ಗಾಡಿಯವಳನ್ನು, "ಇವತ್ತ ಕೂಗಬ್ಯಾಡವಾ, ಸುಮ್ ಹೋಗು" ಎಂದು ಸಾಗಿಸಿದರಂತೆ.

ಮೊದಲು ಪ್ರಶ್ನೆಗಳು. ಸುಜಾತಾಳ ದನಿ ಮೊದಮೊದಲು ನಡುಗಿತು, ಆಮೇಲೆ ಕುದುರಿತು. ಕಡೆಗೆ ಪರದೆಯ ಮೇಲಿನ ಮೇಡಂ, "ಈಗ ಪಾಠ ಮಾಡಿ. ಎದುರಿಗೆ ಯಾರಾದರೂ ಇದ್ದರೆ ಕೂರಿಸಿಕೊಳ್ಳಿ" ಎಂದರು. ಸುಜಾತಾ ನನ್ನನ್ನೂ ಕಾಕುವನ್ನೂ ನೆಲದ ಮೇಲೆ ಕೂರಿಸಿದಳು. ಹಗಲು ಮತ್ತು ರಾತ್ರಿ ಹೇಗೆ ಆಗುತ್ತವೆ ಎಂಬ ಪಾಠ. ನಿಂಬೆಹಣ್ಣನ್ನು ಭೂಮಿ ಮಾಡಿ, ವಾರ್ಡನ್ ಮೇಡಂ ಕೊಟ್ಟ ಬ್ಯಾಟರಿಯನ್ನು ಸೂರ್ಯ ಮಾಡಿ, ತಿರುಗಿಸಿ ತಿರುಗಿಸಿ ಚೆಂದಾಗಿ ಹೇಳಿದಳು. ವಾರದಿಂದ ಅದನ್ನೇ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಆದರೆ ಒಂದು ದಿನವೂ ಶಾಲೆಗೆ ಹೋಗದ ಕಾಕುಗೆ ಅದು ಹೊಸದು. ಅವರು ನಡುವೆ ಕೈ ಎತ್ತಿಯೇಬಿಟ್ಟರು.

"ಅಲ್ಲ ಬೇ, ಭೂಮಿ ತಿರಗ್ತದ ಅಂತಿ. ನಾವು ತೆಳಗ ಬಂದಾಗ ಬಾವ್ಯಾಗಿನ ನೀರ ಚೆಲ್ಲಂಗಿಲ್ಲೇನು? ನಾವ ಬೀಳಂಗಿಲ್ಲೇನು?"

ಇದು ತಯಾರಿಯಲ್ಲಿ ಇರಲಿಲ್ಲ. ಪರದೆಯ ಮೇಲಿದ್ದವರು ಮೂವರೂ ಮುಂದಕ್ಕೆ ಬಾಗಿದರು. ಸುಜಾತಾ ಒಂದು ಕ್ಷಣ ನಿಂಬೆಹಣ್ಣನ್ನೇ ನೋಡುತ್ತ ನಿಂತಳು. ಆಮೇಲೆ ಕಾಕುನ ಜಗುಲಿಯ ಮೇಲಿದ್ದ ಬೆಂಕಿಪೊಟ್ಟಣದಿಂದ ನಾಲ್ಕು ಕಡ್ಡಿ ತೆಗೆದು ಹಣ್ಣಿನ ನಾಲ್ಕೂ ಕಡೆ ಚುಚ್ಚಿದಳು.

"ಇವು ನಾಕ ಮಂದಿ ಅಂತ ತಿಳೀರಿ ಕಾಕು. ಇಂವನ ಕಾಲ ಯಾ ಕಡಿ ಅದಾವ?"

"ಹಣ್ಣಿನ ಕಡಿ."

"ಇಂವಂದು?"

"ಇಂವಂದೂ ಹಣ್ಣಿನ ಕಡೀನ."

"ತೆಳಗ ಅಂದ್ರ ಕಾಲ ಇರೂ ಕಡಿ ಹೌದಿಲ್ರಿ? ಭೂಮಿ ಎಲ್ಲಾರನೂ ತನ್ನ ಕಡಿ ಎಳಕೋತದ. ಹಂಗಾದ್ರ ಇವರಾಗ ತೆಳಗ ಇದ್ದಾಂವ ಯಾರು?"

ಕಾಕು ಹಣ್ಣನ್ನು ಕೈಗೆ ತೆಗೆದುಕೊಂಡರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಬಹಳ ಹೊತ್ತು ನೋಡಿ, ನಿಧಾನವಾಗಿ ಹೇಳಿದರು. "ಅಂದ್ರ ಯಾರೂ ತೆಳಗ ಇಲ್ಲ."

"ಹೌದ್ರಿ ಕಾಕು," ಎಂದಳು ಸುಜಾತಾ. "ಯಾರೂ ತೆಳಗ ಇಲ್ಲ."

ಪರದೆಯ ಮೇಲೆ ಯಾರೂ ಮಾತಾಡಲಿಲ್ಲ. ನೆಟ್ ಕಡಿಯಿತೇನೋ ಎಂದು ನಾನು ಗಾಬರಿಯಾದೆ. ಕಡಿದಿರಲಿಲ್ಲ. ಆಮೇಲೆ ನಡುವೆ ಕುಳಿತಿದ್ದ ಮೇಡಂ ಮೆಲ್ಲಗೆ, "ಥ್ಯಾಂಕ್ಸ್ ಸುಜಾತಾ, ಇನ್ನು ಏನೂ ಕೇಳುವುದಿಲ್ಲ" ಎಂದರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ ಎದ್ದು ನಿಂತು ನಿಜ ಹೇಳಿದೆ. ವೈರು ಮುರಿದದ್ದು ಕಾಕಾ ಅಲ್ಲ, ನನ್ನ ಕೌದಿ ಎಂದೆ. ಗದ್ದಲವೋ ಗದ್ದಲ. ಕೆಲವರು ನಕ್ಕರು, ಕೆಲವರು ಉಗಿದರು. ಸುಜಾತಾ ಮಾತ್ರ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಉಣ್ಣಲು ಆಗಲಿಲ್ಲ. ಕೈ ತೊಳೆದು ಎದುರು ಮನೆಗೆ ಹೋದೆ. ಹುಡುಗಿಯರೂ ಹಿಂದೆ ಬಂದರು. ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ, ಅದೇ ಮಂದಿಯ ಮುಂದೆ ನಿಂತು ಮೊದಲು ಕಾಕುನ ಕಾಲು ಮುಟ್ಟಿದೆ. ಆಡಬಾರದ್ದು ಆಡಿದೆ, ತಪ್ಪಾಯಿತು ಎಂದೆ. ಅವರು ನನ್ನ ತಲೆ ಮೇಲೆ ಕೈಯಿಟ್ಟರು. ಆಮೇಲೆ ಕಾಕಾನ ಕಡೆ ತಿರುಗಿದೆ.

"ಕಾಕಾ, ವೈಯರ್ ಮುರದದ್ದು ನನ್ನ ಕೌದಿಲಿಂದ್ರಿ."

"ಗೊತ್ತದ" ಎಂದರು ಪೇಪರಿನಿಂದ ತಲೆ ಎತ್ತದೆ.

"ಹ್ಯಾಂಗ್ರಿ?"

"ನಿನ್ನಿ ಮಾಳಿಗಿ ಮ್ಯಾಲೆ ನಾನೇ ನೋಡೀನಿ, ಕೌದಿ ಜೋತಬಿದ್ದಿತ್ತು, ಮೊಳಿ ಬಾಗಿತ್ತು. ಕೂಗಿದೆ. ನೀವ್ಯಾರೂ ಇರಲಿಲ್ಲ."

"ಮತ್ತ ಮುಂಜಾನಿ ನಾ ಅಷ್ಟ ಬೈದಾಗ ಯಾಕ ಹೇಳಲಿಲ್ರಿ?"

ಅವರು ಆಗ ಪೇಪರ್ ಕೆಳಗಿಟ್ಟು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ಹೇಳಾಕ ಬಾಯಿ ತೆಗದಿದ್ನಿ. ನೀ ಬೈತಿದ್ದಾಗ ನಿನ್ನ ಹಿಂದ ಆ ಹುಡುಗಿ ಅಳಾಕತ್ತಿತ್ತು. ಆಗ ಮುರದಾಕಿ ನೀನೇ ಅಂದ್ರ ನೀವು ಗೆಳತ್ಯಾರು ಅಲ್ಲೇ ಜಗಳಾಡ್ತಿದ್ರಿ. ಆಕಿ ಇಂಟರ್‌ವ್ಯೂಕ್ಕ ಏನ ಮನಸಿಟ್ಟು ಕುಂದರ್ತಿದ್ದಳು? ತಪ್ಪು ಯಾರದು ಅನ್ನೋದು ಸಂಜಿಕೂ ಹೇಳಬಹುದು."

ನನ್ನ ಹಿಂದೆ ಸುಜಾತಾ ಅಳುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳಿಗಾಗಿಯೇ ಅಷ್ಟೆಲ್ಲ ಕೂಗಾಡಿದವಳು ನಾನು, ಒಂದು ಸಲವೂ ಹಿಂದೆ ತಿರುಗಿ ಅವಳನ್ನು ನೋಡಿರಲಿಲ್ಲ. ಅವರು ನೋಡಿದ್ದರು. ಆ ಓಣಿಯಲ್ಲಿ ಎಲ್ಲರ ಮುಂದೆ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಸಂಜೆ ಮೌಲಾಲಿ ಅಣ್ಣ ಹೊಸ ವೈರು ಎಳೆದ. ಮರುದಿನ ಕಾಕಾ ನಮ್ಮ ಮಾಳಿಗೆಗೆ ಬಂದು, ಬಸ್ಸಿನ ಮೇಲೆ ಸಾಮಾನು ಬಿಗಿಯುವಂಥ ದಪ್ಪ ಹಗ್ಗ ಎರಡು ಸಾಲು ಕಟ್ಟಿಕೊಟ್ಟು, "ಇದರ ಮ್ಯಾಲೆ ಕೌದಿ ಅಲ್ಲ, ಎಮ್ಮಿ ಒಣಗ ಹಾಕ್ರಿ" ಎಂದು ಹೋದರು. ಸುಜಾತಾ ಆಯ್ಕೆಯಾದ ಸುದ್ದಿ ದಸರೆ ಮುಗಿದು ಸ್ವಲ್ಪ ದಿನಕ್ಕೆ ಬಂತು. ಅವಳು ಮೊದಲು ಓಡಿದ್ದು ಎದುರು ಮನೆಗೆ, ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ತರಬೇತಿ ಮುಗಿಸಿ ಈಗ ಆಳಂದ ತಾಲ್ಲೂಕಿನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಳೆ.

ನಾನು ಜೇವರ್ಗಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಿಪೋರ್ಟು ತಡವಾದರೆ ಮಂದಿ ಕಿಟಕಿಗೆ ಬಂದು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ನಾನು ಹಳೆಯ ಮಹಾದೇವಿಯೇ ಆಗಿದ್ದರೆ ಅವರಿಗಿಂತ ಎರಡು ಮಾತು ಹೆಚ್ಚೇ ಆಡುತ್ತಿದ್ದೆ. ಈಗಲೂ ಮಾತು ತುಟಿಯವರೆಗೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಬಾಯಿ ತೆಗೆಯುವ ಮೊದಲು, ಬೈಯುತ್ತಿರುವವರ ಹಿಂದೆ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡುತ್ತೇನೆ. ಬಹಳ ಸಲ ಅಲ್ಲಿ ಯಾರೋ ಅಳುತ್ತಿರುತ್ತಾರೆ.